ಟರ್ಬೋ ಕಾರಿಗೆ ಯಾವ ಸಿಂಥೆಟಿಕ್ ಆಯಿಲ್: 5ಡಬ್ಲ್ಯೂ-30ರಲ್ಲೇ ಉಳಿಯಲೇ, 40ಕ್ಕೆ ಹೋಗಲೇ?

ಕೆಂಪುಗೆರೆ:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನದು ಎರಡು ಲೀಟರ್, ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ ಟರ್ಬೋ ಪೆಟ್ರೋಲ್ ಕಾರು. ಓಡಿರುವುದು 46,000 ಕಿಲೋಮೀಟರ್. ಕೈಪಿಡಿಯಲ್ಲಿ ತಯಾರಕರು ತಮ್ಮ ಅನುಮೋದನೆಯ ಸಂಖ್ಯೆ ಕೊಟ್ಟು, ಆ ಸಂಖ್ಯೆ ಇರುವ 0ಡಬ್ಲ್ಯೂ-30, 5ಡಬ್ಲ್ಯೂ-30, 5ಡಬ್ಲ್ಯೂ-40 ಈ ಮೂರು ಮಂದತೆಯ ಗ್ರೇಡ್‌ಗಳಲ್ಲಿ ಯಾವುದನ್ನಾದರೂ ಹಾಕಬಹುದು ಎಂದಿದ್ದಾರೆ. ಇದುವರೆಗೆ ನಾನು ಹಾಕಿಸಿರುವುದು 5ಡಬ್ಲ್ಯೂ-30.

ಕಳೆದ ಬಾರಿ ಟ್ರ್ಯಾಕ್‌ನಲ್ಲಿ ಓಡಿಸಿದಾಗ ಆರನೇ ಸುತ್ತಿಗೆ ಆಯಿಲ್‌ನ ಉಷ್ಣತೆ 128 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಹೆದರಿ ವೇಗ ಇಳಿಸಿ ಹೊರಗೆ ಬಂದೆ. ಅಲ್ಲಿದ್ದವರಲ್ಲಿ ಒಬ್ಬರು 10ಡಬ್ಲ್ಯೂ-60 ಹಾಕಿಬಿಡಿ ಎಂದರು. ಇನ್ನೊಬ್ಬರು ಈಗಿನ ಎಂಜಿನ್‌ಗಳಿಗೆಲ್ಲ 0ಡಬ್ಲ್ಯೂ-20 ಸಾಕು ಎಂದರು. ಮೂರನೆಯವರು ಎಸ್ಟರ್ ಎಂಬ ಮೂಲತೈಲ ಇಲ್ಲದ್ದು ಸಿಂಥೆಟಿಕ್ಕೇ ಅಲ್ಲ ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿದೆ. ಈ ಎಂಜಿನ್ ನನ್ನ ಬಳಿ ಇನ್ನೂ ಹತ್ತು ವರ್ಷ ಇರಬೇಕೆಂಬ ಆಸೆ ನನ್ನದು. ತಿಳಿದವರು ದಯವಿಟ್ಟು ದಾರಿ ತೋರಿಸಿ.

ತೈಲಪರೀಕ್ಷಕ:

ಉತ್ತರ ಹೇಳುವ ಮೊದಲು ನಾಲ್ಕು ಪ್ರಶ್ನೆ. ವರ್ಷಕ್ಕೆ ಎಷ್ಟು ಬಾರಿ ಟ್ರ್ಯಾಕ್? ಉಳಿದ ದಿನ ಕಾರು ಹೇಗೆ ಓಡುತ್ತದೆ? ಎಕ್ಸಾಸ್ಟ್‌ನಲ್ಲಿ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆಯೇ? ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸುತ್ತೀರಿ? ಗ್ರೇಡ್‌ನ ಮಾತು ಇವುಗಳ ನಂತರ ಬರುವಂಥದ್ದು.

ಕೆಂಪುಗೆರೆ:

ವರ್ಷಕ್ಕೆ ಮೂರು ಅಥವಾ ನಾಲ್ಕು ಬಾರಿ ಟ್ರ್ಯಾಕ್. ಉಳಿದಂತೆ ದಿನವೂ ಕೆಲಸಕ್ಕೆ ಹೋಗಿ ಬರುವುದು, ಹೋಗಲು ಆರು ಕಿಲೋಮೀಟರ್, ಬರಲು ಆರು. ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆ. ಬದಲಿಸುವುದು 10,000 ಕಿಲೋಮೀಟರಿಗೆ.

ಇನ್‌ಲೈನ್ ಆರು:

ನನ್ನ ಅನುಭವ ಹೇಳುತ್ತೇನೆ. ನನ್ನದು ಇ46 ಸರಣಿಯ ಬಿಎಂಡಬ್ಲ್ಯೂ ಎಂ3, ಎಸ್54 ಎಂಜಿನ್. ಅದಕ್ಕೆ 10ಡಬ್ಲ್ಯೂ-60 ಹಾಕಬೇಕೆಂದು ಬಿಎಂಡಬ್ಲ್ಯೂ ಸಂಸ್ಥೆಯೇ ಹೇಳಿದೆ. ಹದಿನಾಲ್ಕು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ, 8,000 ಆರ್‌ಪಿಎಂವರೆಗೆ ಏರಿಸುತ್ತೇನೆ, ಎಂಜಿನ್ ಗಟ್ಟಿಮುಟ್ಟಾಗಿದೆ. ಅಷ್ಟು ವೇಗದಲ್ಲಿ ತಿರುಗುವ ಎಂಜಿನ್‌ಗೆ ಸರಿಹೋಗುವುದು ನಿಮ್ಮದಕ್ಕೆ ಏಕೆ ಸರಿಹೋಗಬಾರದು? ಬಿಸಿಯೇರಿದಾಗ ಬೇರಿಂಗ್ ಕಾಯುವುದು ಮಂದವಾದ ಎಣ್ಣೆಯೇ.

ತೈಲಪರೀಕ್ಷಕ:

ನಿಮ್ಮ ಎಂಜಿನ್‌ಗೆ ಅದು ಸರಿ. ಬೇರಿಂಗ್ ಮತ್ತು ಕ್ರ್ಯಾಂಕ್‌ನ ನಡುವಿನ ಸಂದು, ಆಯಿಲ್ ಪಂಪಿನ ಸಾಮರ್ಥ್ಯ, ಪಿಸ್ಟನ್ ಕೆಳಗೆ ಎಣ್ಣೆ ಚಿಮ್ಮಿಸುವ ಜೆಟ್, ಟರ್ಬೋಗೆ ಹೋಗುವ ಸಣ್ಣ ಕೊಳವೆ, ಎಲ್ಲವೂ ಒಂದು ನಿರ್ದಿಷ್ಟ ಮಂದತೆಯನ್ನು ಲೆಕ್ಕಕ್ಕೆ ಹಿಡಿದು ಆದವು. ಪಕ್ಕದವರ ಕನ್ನಡಕ ಹಾಕಿಕೊಂಡರೆ ನಮಗೆ ಕಾಣುವುದಿಲ್ಲ.

ಈಗ ಕೆಂಪುಗೆರೆ ಅವರ ಪ್ರಶ್ನೆ. ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳನ್ನು ಸ್ವಲ್ಪ ಹೊತ್ತು ಮರೆಯೋಣ. ಎಸ್‌ಎಇ ಜೆ300 ಎಂಬ ಮಾನದಂಡದ ಪ್ರಕಾರ '30' ಎಂದರೆ 100 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತೆ, 9.3ರಿಂದ 12.5 ಸೆಂಟಿಸ್ಟೋಕ್ಸ್‌ನೊಳಗೆ ಇರಬೇಕು. '40' ಎಂದರೆ 12.5ರಿಂದ 16.3ರೊಳಗೆ. ಅಂದರೆ 12.4 ಇರುವ ಎಣ್ಣೆಗೆ 30 ಎಂಬ ಹೆಸರು, 12.6 ಇರುವುದಕ್ಕೆ 40 ಎಂಬ ಹೆಸರು. ಹೆಸರು ಬೇರೆ, ಎಣ್ಣೆ ಬಹುತೇಕ ಒಂದೇ. ಗ್ರೇಡ್ ಎಂಬುದು ಒಂದು ಅಳತೆಯಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ಒಂದು ಪಟ್ಟಿ.

ಬೇರಿಂಗ್‌ನೊಳಗೆ ನಿಜವಾಗಿ ನಡೆಯುವುದನ್ನು ಹೇಳುವ ಅಂಕಿ ಬೇರೆ ಇದೆ, ಎಚ್‌ಟಿಎಚ್‌ಎಸ್. 150 ಡಿಗ್ರಿ ಶಾಖದಲ್ಲಿ, ಎರಡು ಲೋಹದ ಮೈಗಳ ನಡುವೆ ಎಣ್ಣೆಯ ಪೊರೆ ಅತಿ ವೇಗವಾಗಿ ಎಳೆಯಲ್ಪಡುವಾಗ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಅಳತೆ ಇದು. 30 ಗ್ರೇಡ್‌ಗೆ ಜೆ300 ಕೇಳುವುದು ಕನಿಷ್ಠ 2.9. ಆದರೆ ಯುರೋಪಿನ ಕಾರು ತಯಾರಕರ ಒಕ್ಕೂಟವಾದ ಎಸಿಇಎಯ ಸಿ3 ಅಥವಾ ಎ3/ಬಿ4 ವರ್ಗದ ಎಣ್ಣೆಗೆ ಕನಿಷ್ಠ 3.5 ಇರಲೇಬೇಕು, ಅದು 30 ಆಗಿರಲಿ, 40 ಆಗಿರಲಿ. ಹೀಗಾಗಿ ಒಂದೇ 5ಡಬ್ಲ್ಯೂ-30 ಎಂಬ ಹೆಸರಿನಲ್ಲಿ ಎರಡು ಬೇರೆ ಜಾತಿಯ ಎಣ್ಣೆಗಳು ಮಾರಾಟವಾಗುತ್ತವೆ. ಒಂದು ಇಂಧನ ಉಳಿಸಲು ತೆಳ್ಳಗೆ ಮಾಡಿದ್ದು, ಇನ್ನೊಂದು ಬಿಸಿ ಎಂಜಿನ್‌ನ ಬೇರಿಂಗ್ ಕಾಯಲು ಮಾಡಿದ್ದು. ನಿಮ್ಮ ತಯಾರಕರ ಅನುಮೋದನೆಯ ಸಂಖ್ಯೆ ಇವೆರಡರಲ್ಲಿ ಯಾವುದರ ಮೇಲೆ ನಿಂತಿದೆ ಎಂದು ನೋಡಿ. ಮೂರು ಗ್ರೇಡಿಗೂ ಒಂದೇ ಸಂಖ್ಯೆ ಕೊಟ್ಟಿದ್ದಾರೆಂದರೆ ಅದು 3.5ರ ಗುಂಪಿನದೇ ಇರಬೇಕೆಂದು ನನ್ನ ಊಹೆ.

ಇನ್ನೊಂದು ಮಾತು. ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆ ಎಂದಿರಿ. ಎ3/ಬಿ4 ಎಣ್ಣೆಯಲ್ಲಿ ಸಲ್ಫೇಟೆಡ್ ಬೂದಿ ಶೇಕಡಾ 1.6ರವರೆಗೆ ಇರಬಹುದು, ಸಿ3ರಲ್ಲಿ 0.8 ದಾಟುವಂತಿಲ್ಲ. ಸುಟ್ಟ ಎಣ್ಣೆಯ ಬೂದಿ ಆ ಫಿಲ್ಟರಿನಲ್ಲಿ ಕೂತರೆ ಮಸಿಯಂತೆ ಉರಿದು ಹೋಗುವುದಿಲ್ಲ. ರೇಸಿಂಗ್ ಹೆಸರಿನ ಡಬ್ಬಿಯನ್ನು ನಿಮ್ಮ ಎಂಜಿನ್‌ಗೆ ಸುರಿಯಬೇಡಿ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಹಳೆಯ ಸ್ಪ್ಯಾನರ್:

ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಕೈ ನನ್ನದು. ಪುಸ್ತಕದ ಅಂಕಿಗಳ ಬಗ್ಗೆ ತಕರಾರಿಲ್ಲ. ಆದರೆ ಮಂದ ಎಣ್ಣೆ ಹಾಕಿದ ಕೂಡಲೇ ಪ್ರೆಷರ್ ಗೇಜಿನ ಮುಳ್ಳು ಮೇಲೇರುವುದನ್ನು ಕಣ್ಣಾರೆ ಕಂಡಿದ್ದೇನೆ. ಸವೆದ ಎಂಜಿನ್‌ಗಳಲ್ಲಿ ಸದ್ದು ಅಡಗುವುದನ್ನೂ ಕಿವಿಯಾರೆ ಕೇಳಿದ್ದೇನೆ. ಪ್ರೆಷರ್ ಇದ್ದರೆ ಎಂಜಿನ್ ಉಳಿಯುತ್ತದೆ. ಇದು ಸುಳ್ಳೇ?

ತೈಲಪರೀಕ್ಷಕ:

ಸುಳ್ಳಲ್ಲ, ಆದರೆ ಅರ್ಧ. ಮುಳ್ಳು ತೋರಿಸುವುದು ಹರಿವಿಗೆ ಎದುರಾಗುವ ತಡೆಯನ್ನು. ಎಣ್ಣೆ ಮಂದವಾದಷ್ಟೂ ತಡೆ ಹೆಚ್ಚು, ಮುಳ್ಳು ಮೇಲೆ. ಒತ್ತಡ ಮಿತಿ ಮೀರಿದಾಗ ರಿಲೀಫ್ ವಾಲ್ವ್ ತೆರೆದು, ಪಂಪು ತಳ್ಳಿದ ಎಣ್ಣೆಯ ಒಂದು ಪಾಲು ಬೇರಿಂಗ್‌ಗಳ ಮುಖ ನೋಡದೆಯೇ ಹಿಂದಿರುಗುತ್ತದೆ. ಬೇರಿಂಗ್‌ಗೆ ಬೇಕಾದದ್ದು ಪೊರೆಯಷ್ಟೇ ಅಲ್ಲ, ಶಾಖವನ್ನು ಹೊತ್ತೊಯ್ಯುವ ಹರಿವು ಕೂಡ. ಸಂದು ಹಿಗ್ಗಿದ ಹಳೆಯ ಎಂಜಿನ್‌ಗೆ ಒಂದು ಗ್ರೇಡ್ ಮೇಲಕ್ಕೆ ಹೋಗುವುದು ಅನುಭವಿಗಳ ಒಳ್ಳೆಯ ನಿರ್ಧಾರ, ಅದನ್ನು ಒಪ್ಪುತ್ತೇನೆ. 46,000 ಓಡಿದ ಎಂಜಿನ್ ಆ ಸಾಲಿಗೆ ಸೇರುವುದಿಲ್ಲ.

ನೋಡಿ, ಒಂದೇ ಕುಟುಂಬದ ಐದು ಲೀಟರ್ ವಿ8 ಎಂಜಿನ್‌ಗೆ ಫೋರ್ಡ್ ಸಂಸ್ಥೆ ಮಸ್ಟಾಂಗ್ ಜಿಟಿಯಲ್ಲಿ 5ಡಬ್ಲ್ಯೂ-20 ಹೇಳಿತು, ಟ್ರ್ಯಾಕ್‌ಗೆಂದೇ ತಯಾರಾದ 2012ರ ಬಾಸ್ 302ರಲ್ಲಿ 5ಡಬ್ಲ್ಯೂ-50 ಹೇಳಿತು. ನಿಸಾನ್ ಜಿಟಿ-ಆರ್ ಆರ್35ಗೆ ಮಂದವಾದ 60 ಅಲ್ಲ, 0ಡಬ್ಲ್ಯೂ-40. ಬಳಕೆ ಬದಲಾದರೆ ಎಣ್ಣೆ ಬದಲಾಗುತ್ತದೆ ಎಂಬುದು ನಿಜ. ಆದರೆ ಎಷ್ಟು ಬದಲಾಗಬೇಕು ಎಂದು ಹೇಳಬೇಕಾದವರು ಆ ಎಂಜಿನ್ ಮಾಡಿದವರು.

ಹೊಸ ಸ್ಟಿಯರಿಂಗ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 0ಡಬ್ಲ್ಯೂ ಎಂದರೆ ನೀರಿನಂತೆ ತೆಳು, ಬಿಸಿಯಲ್ಲಿ ನಿಲ್ಲುವುದಿಲ್ಲ ಎಂದು ಕೇಳಿದ್ದೆ. ಜಿಟಿ-ಆರ್‌ಗೆ 0ಡಬ್ಲ್ಯೂ ಹೇಗೆ ಸರಿಹೋಗುತ್ತದೆ? ಎಸ್ಟರ್ ಇಲ್ಲದಿದ್ದರೆ ಸಿಂಥೆಟಿಕ್ ಅಲ್ಲ ಎಂಬುದಕ್ಕೂ ಯಾರೂ ಉತ್ತರಿಸಲಿಲ್ಲ.

ತೈಲಪರೀಕ್ಷಕ:

ಒಳ್ಳೆಯ ಪ್ರಶ್ನೆ, ಕ್ಷಮೆ ಏಕೆ? ಡಬ್ಲ್ಯೂ ಎಂದರೆ ವಿಂಟರ್. 0ಡಬ್ಲ್ಯೂ ಎಣ್ಣೆಯನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ, ಕ್ರ್ಯಾಂಕ್ ತಿರುಗಬಲ್ಲುದೇ ಎಂದು ಪರೀಕ್ಷಿಸುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ಮಾತನಾಡುವುದು ಎರಡನೆಯ ಅಂಕಿ. 0ಡಬ್ಲ್ಯೂ-40 ಕೂಡ 100 ಡಿಗ್ರಿಯಲ್ಲಿ 40ರ ಪಟ್ಟಿಯೊಳಗೇ ಇರಬೇಕು. ಇನ್ನೂ ಒಂದು ವಿಷಯ ತಿಳಿದುಕೊಳ್ಳಿ: 40 ಡಿಗ್ರಿಯಲ್ಲಿರುವ 0ಡಬ್ಲ್ಯೂ-20 ಎಣ್ಣೆ, 100 ಡಿಗ್ರಿಯಲ್ಲಿರುವ 10ಡಬ್ಲ್ಯೂ-60 ಎಣ್ಣೆಗಿಂತ ಮಂದ. ತಣ್ಣಗಿರುವಾಗ ಪ್ರತಿಯೊಂದು ಎಣ್ಣೆಯೂ ಎಂಜಿನ್‌ಗೆ ಮಂದವೇ. ಆದ್ದರಿಂದಲೇ ನೀರಿನ ಮುಳ್ಳು ಮಧ್ಯಕ್ಕೆ ಬಂದಿತೆಂದು ಆಕ್ಸಿಲರೇಟರ್ ಒತ್ತಬೇಡಿ. ನೀರು ಬೇಗ ಕಾಯುತ್ತದೆ, ಎಣ್ಣೆ ತಡವಾಗಿ ಕಾಯುತ್ತದೆ. ಎಣ್ಣೆ 80 ದಾಟುವವರೆಗೆ ಎಂಜಿನ್‌ಗೆ ಮರ್ಯಾದೆ ಕೊಡಿ.

ಸಿಂಥೆಟಿಕ್ ವಿಷಯ. ಮೂಲತೈಲಗಳನ್ನು ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಐದು ಗುಂಪು ಮಾಡಿದೆ. ಕಚ್ಚಾ ತೈಲವನ್ನು ಹೈಡ್ರೋಜನ್‌ನೊಂದಿಗೆ ತೀವ್ರವಾಗಿ ಸಂಸ್ಕರಿಸಿದ್ದು ಮೂರನೆಯ ಗುಂಪು, ರಾಸಾಯನಿಕವಾಗಿ ಕಟ್ಟಿದ ಪಿಎಓ (ಪಾಲಿಆಲ್ಫಾಓಲೆಫಿನ್) ನಾಲ್ಕನೆಯದು, ಎಸ್ಟರ್ ಐದರಲ್ಲಿ ಬರುತ್ತದೆ. ಮೂರನೆಯ ಗುಂಪಿನದನ್ನು ಸಿಂಥೆಟಿಕ್ ಎಂದು ಮಾರುವುದರ ವಿರುದ್ಧ ಮೊಬಿಲ್ ಸಂಸ್ಥೆ ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟಿತ್ತು. 1999ರಲ್ಲಿ ಜಾಹೀರಾತಿನ ದೂರುಗಳನ್ನು ನೋಡುವ ಅಮೆರಿಕದ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ ಹಾಗೆ ಮಾರಬಹುದು ಎಂದಿತು. ಅಂದಿನಿಂದ ಡಬ್ಬಿಯ ಮೇಲಿನ ಸಿಂಥೆಟಿಕ್ ಎಂಬ ಪದ ಒಳಗಿರುವುದನ್ನು ಹೇಳುವುದಿಲ್ಲ. ಇದರಿಂದ ಬೇಸರಪಡಬೇಕಾಗಿಲ್ಲ. ಒಳ್ಳೆಯ ಮೂರನೆಯ ಗುಂಪಿನ ಎಣ್ಣೆ, ಸರಿಯಾದ ಸೇರ್ಪಡೆಗಳೊಂದಿಗೆ, ಕಠಿಣವಾದ ಅನುಮೋದನೆಯ ಪರೀಕ್ಷೆಗಳನ್ನು ಗೆದ್ದು ಬಂದಿರುತ್ತದೆ. ನಾನು ಮೂಲತೈಲದ ಜಾತಕ ನೋಡುವುದಿಲ್ಲ, ಪರೀಕ್ಷೆಯ ಫಲಿತಾಂಶ ನೋಡುತ್ತೇನೆ. ಡಬ್ಬಿಯ ಹಿಂಬದಿಯಲ್ಲಿ 'ಅನುಮೋದಿತ' ಎಂದಿದೆಯೋ, 'ಅಗತ್ಯಗಳನ್ನು ಪೂರೈಸುತ್ತದೆ' ಎಂದಿದೆಯೋ ಓದಿ. ಮೊದಲನೆಯದು ಕಾರು ತಯಾರಕರ ಮಾತು, ಎರಡನೆಯದು ಎಣ್ಣೆ ಮಾರುವವರ ಮಾತು.

ಕೊನೆಯ ತಿರುವು:

ಗ್ರೇಡ್‌ನ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ಕೆಂಪುಗೆರೆ ಅವರೇ, ಟ್ರ್ಯಾಕ್‌ಗೆ ಇಳಿಯುವ ಮೊದಲು ಡಿಪ್‌ಸ್ಟಿಕ್ ತೆಗೆದು ನೋಡಿದ್ದಿರಾ?

ನಾನು ನೋಡಿರಲಿಲ್ಲ. ಒಳ್ಳೆಯ 5ಡಬ್ಲ್ಯೂ-40 ಹಾಕಿಸಿದ್ದೆ, ಹೊಸ ಅಂಟುಟೈರು ಹಾಕಿಸಿದ್ದೆ. ಎಣ್ಣೆಯ ಮಟ್ಟ ಎರಡು ಗುರುತುಗಳ ನಡುವೆ ಅರ್ಧಕ್ಕಿಂತ ಕೆಳಗಿತ್ತು. ಉದ್ದನೆಯ ಬಲತಿರುವಿನಲ್ಲಿ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಸೆನ್ಸರ್ ತೊಂದರೆ ಎಂದುಕೊಂಡೆ. ಮುಂದಿನ ಸುತ್ತಿನಲ್ಲೂ ಅದೇ ಜಾಗದಲ್ಲಿ ಮಿನುಗಿತು. ಟೈರು ಗಟ್ಟಿಯಾಗಿ ಹಿಡಿದಷ್ಟೂ ಎಣ್ಣೆಯೆಲ್ಲ ಸಂಪಿನ (ಎಂಜಿನ್ ಕೆಳಗಿನ ಎಣ್ಣೆಯ ತೊಟ್ಟಿ) ಒಂದು ಗೋಡೆಗೆ ಏರಿ, ಪಂಪಿನ ಬಾಯಿ ಗಾಳಿ ಕುಡಿಯುತ್ತಿತ್ತು. ನಾಲ್ಕನೇ ಸುತ್ತಿಗೆ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು, ಎಂಜಿನ್ ವೇಗಕ್ಕೆ ಸರಿಯಾಗಿ.

ಆ ಸಂಜೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿದೆವು. ಮಡಿಕೆಯ ಸಂದಿಗಳಲ್ಲಿ ಹೊಂಬಣ್ಣದ ಹುಡಿ ಮಿನುಗುತ್ತಿತ್ತು. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಬೇರಿಂಗ್‌ನ ತಾಮ್ರದ ಪದರ. ಆ ಬಟ್ಟೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಎಂಥ ಎಣ್ಣೆಯೂ ಪಂಪಿಗೆ ಸಿಗದೇ ಹೋದರೆ ಬೇರಿಂಗ್ ಉಳಿಸಲಾರದು. ಟ್ರ್ಯಾಕ್ ದಿನ ಮಟ್ಟ ಮೇಲಿನ ಗುರುತಿನ ಹತ್ತಿರವಿರಲಿ. ಗುರುತು ದಾಟಲೂ ಬೇಡಿ, ಕ್ರ್ಯಾಂಕ್ ಎಣ್ಣೆಯನ್ನು ಬಡಿದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಇರುವುದೂ ಗಾಳಿಯೇ.

ಕೆಂಪುಗೆರೆ:

ನಿಮ್ಮ ಅನುಭವ ಓದಿ ಎದೆ ಝಲ್ಲೆಂದಿತು. ಈಗಲೇ ಹೋಗಿ ಡಿಪ್‌ಸ್ಟಿಕ್ ತೆಗೆದು ಬಂದೆ. ವಿಚಿತ್ರವೆಂದರೆ ಮಟ್ಟ ಕಡಿಮೆಯಾಗಿಲ್ಲ, ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಮೇಲಿದೆ! ಎರಡು ತಿಂಗಳ ಹಿಂದೆ ಸರ್ವಿಸ್ ಆದಾಗ ಗುರುತಿಗಿಂತ ಕೆಳಗಿತ್ತು, ಚಿತ್ರವೂ ಇದೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ ಸ್ಪಷ್ಟವಾಗಿ ಬರುತ್ತಿದೆ.

ತೈಲಪರೀಕ್ಷಕ:

ನಾನು ಹುಡುಕುತ್ತಿದ್ದದ್ದು ಇದನ್ನೇ. ಆರು ಕಿಲೋಮೀಟರಿನ ಓಟದಲ್ಲಿ ನಿಮ್ಮ ಎಣ್ಣೆ ಕಾಯುವುದೇ ಇಲ್ಲ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ತಣ್ಣಗಿರುವಾಗ ಸಿಲಿಂಡರಿನ ಗೋಡೆಗೆ ಬಡಿದ ಪೆಟ್ರೋಲ್ ಪೂರ್ತಿ ಆವಿಯಾಗದೆ, ರಿಂಗ್‌ಗಳ ಪಕ್ಕದಿಂದ ಜಾರಿ ಸಂಪಿಗೆ ಇಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಅದರ ಬಹುಪಾಲು ಆವಿಯಾಗಿ ಹೊರಟುಹೋಗುತ್ತದೆ. ನಿಮ್ಮದರಲ್ಲಿ ಹಾಗೇ ಉಳಿದು ಎಣ್ಣೆಯನ್ನು ತೆಳ್ಳಗೆ ಮಾಡಿದೆ. ಟ್ರ್ಯಾಕ್‌ಗೆ ನೀವು ಕೊಂಡೊಯ್ದದ್ದು 5ಡಬ್ಲ್ಯೂ-30 ಎಂದು ಡಬ್ಬಿ ಹೇಳಿದರೂ, ಸಂಪಿನಲ್ಲಿದ್ದದ್ದು ಅದಕ್ಕಿಂತ ತೆಳುವಾದದ್ದು.

128 ಡಿಗ್ರಿಯ ಬಗ್ಗೆ. ಒಳ್ಳೆಯ ಸಿಂಥೆಟಿಕ್ ಎಣ್ಣೆ ಅಷ್ಟು ಶಾಖಕ್ಕೆ ಹಾಳಾಗುವುದಿಲ್ಲ. ಪ್ರಶ್ನೆ ಇರುವುದು ಆ ಶಾಖದಲ್ಲಿ ಎಷ್ಟು ಮಂದತೆ ಉಳಿದಿರುತ್ತದೆ ಎಂಬುದರಲ್ಲಿ. ಸಾಮಾನ್ಯ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎಣ್ಣೆಗಳ ಅಂಕಿ ಹಿಡಿದು ಲೆಕ್ಕ ಹಾಕಿದೆ. 130 ಡಿಗ್ರಿಯಲ್ಲಿರುವ 40, ಸುಮಾರು 121 ಡಿಗ್ರಿಯಲ್ಲಿರುವ 30ಕ್ಕೆ ಸಮ. ಒಂದು ಗ್ರೇಡ್ ಎಂದರೆ ಹತ್ತಿರಹತ್ತಿರ ಹತ್ತು ಡಿಗ್ರಿ. ಹಾಗಾಗಿ ನಾಲ್ಕು ಸುತ್ತಿಗೊಮ್ಮೆ ನಿಧಾನವಾಗಿ ಒಂದು ಸುತ್ತು ಹಾಕಿ ಎಣ್ಣೆಯನ್ನು ಹತ್ತು ಡಿಗ್ರಿ ತಣಿಸಿದರೆ, ನೀವು ಗ್ರೇಡ್ ಬದಲಿಸಿದಷ್ಟೇ ಕೆಲಸ ಆಯಿತು.

ನನ್ನ ಸಲಹೆ ಹೀಗಿದೆ. ಕೈಪಿಡಿಯ ಅದೇ ಅನುಮೋದನೆ ಇರುವ 5ಡಬ್ಲ್ಯೂ-40 ಹಾಕಿ. ಅದು ಟ್ರ್ಯಾಕ್‌ನ ಶಾಖಕ್ಕೂ ಪೆಟ್ರೋಲ್ ಬೆರಕೆಗೂ ಸ್ವಲ್ಪ ಅಂತರ ಕೊಡುತ್ತದೆ. ಬದಲಾವಣೆ 5,000 ಕಿಲೋಮೀಟರಿಗೆ ಇಳಿಸಿ. ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಥವಾ ಅದರ ನಂತರ 2025ರಲ್ಲಿ ಬಂದ ಎಸ್‌ಕ್ಯೂ ಇದ್ದರೆ ಇನ್ನೂ ಒಳ್ಳೆಯದು. 2020ರ ಮೇ ತಿಂಗಳಲ್ಲಿ ಬಂದ ಎಸ್‌ಪಿ ವರ್ಗ, ಟರ್ಬೋ ಎಂಜಿನ್ ಕಡಿಮೆ ವೇಗದಲ್ಲಿ ಭಾರ ಹೊತ್ತಾಗ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆಯನ್ನು ತಡೆಯುವ ಪರೀಕ್ಷೆ ಪಾಸಾಗಿರಬೇಕು. ಒಂದೇ ಏಟಿಗೆ ಪಿಸ್ಟನ್ ಒಡೆಯಬಲ್ಲ ತೊಂದರೆ ಅದು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಡಿಟರ್ಜೆಂಟ್ ಅದನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ ತಯಾರಕರು ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರು. ಎತ್ತರದ ಗೇರಿನಲ್ಲಿ, 1,500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸವಿದ್ದರೆ ಬಿಡಿ.

ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಮುಂದಿನ ಬದಲಾವಣೆಯಲ್ಲಿ ಹರಿಯುವ ಎಣ್ಣೆಯ ಮಧ್ಯಭಾಗದಿಂದ ಸ್ವಲ್ಪ ಹಿಡಿದು ಪ್ರಯೋಗಾಲಯಕ್ಕೆ ಕಳುಹಿಸಿ.

ಹಳೆಯ ಸ್ಪ್ಯಾನರ್:

ಈ ಸಲಹೆಗೆ ನನ್ನ ಪೂರ್ಣ ಒಪ್ಪಿಗೆ. ಮಂದ ಎಣ್ಣೆಯ ಬಗ್ಗೆ ನಾನು ಹೇಳಿದ್ದು ಸವೆದ ಎಂಜಿನ್‌ಗಳಿಗೆ ಎಂದು ತಿದ್ದಿಕೊಳ್ಳುತ್ತೇನೆ. ನನ್ನ ಕಡೆಯಿಂದ ಎರಡು ಮಾತು. ಒಳ್ಳೆಯ ಎಣ್ಣೆ ಹಾಕಿ ಅಗ್ಗದ ಫಿಲ್ಟರ್ ಕೂಡಿಸಬೇಡಿ. ಅದರೊಳಗಿನ ರಬ್ಬರಿನ ವಾಲ್ವ್ ಹಿಡಿಯದಿದ್ದರೆ ರಾತ್ರಿಯೆಲ್ಲ ಎಣ್ಣೆ ಕೆಳಗಿಳಿದು, ಬೆಳಗ್ಗೆ ಎಂಜಿನ್ ಒಣಗಿದ ಬೇರಿಂಗ್ ಮೇಲೆ ತಿರುಗುತ್ತದೆ. ಮತ್ತೆ, ಎಣ್ಣೆಗೆ ಬೆರೆಸುವ ಸಣ್ಣ ಬಾಟಲಿಗಳ ತಂಟೆಗೆ ಹೋಗಬೇಡಿ. ತಜ್ಞರು ತೂಗಿ ಬೆರೆಸಿದ್ದರ ಸಮತೋಲನವನ್ನು ನಾವೇ ಕೆಡಿಸಿದಂತಾಗುತ್ತದೆ.

ಇನ್‌ಲೈನ್ ಆರು:

ನನಗೂ ತಿಳಿಯಿತು. ನನ್ನ 10ಡಬ್ಲ್ಯೂ-60 ನನ್ನ ಎಂಜಿನ್‌ಗೇ ಇರಲಿ. ಆದರೆ ಬೆಳಗ್ಗೆ ಅದನ್ನು ಹದಿನೈದು ನಿಮಿಷ ನಿಧಾನವಾಗಿ ಓಡಿಸಿ ಕಾಯಿಸುವ ನನ್ನ ಪದ್ಧತಿಯನ್ನು ಎಲ್ಲರೂ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಕೆಂಪುಗೆರೆ (ನಾಲ್ಕು ತಿಂಗಳ ನಂತರ):

ವರದಿ ಬಂದಿದೆ. ನೀವೆಲ್ಲ ಹೇಳಿದಂತೆಯೇ ಮಾಡಿದೆ. ಹಳೆಯ 5ಡಬ್ಲ್ಯೂ-30 ಇಳಿಸುವಾಗಲೂ ಮಾದರಿ ತೆಗೆದಿದ್ದೆ, ಆದ್ದರಿಂದ ಎರಡು ವರದಿಗಳಿವೆ. ಹಳೆಯದರಲ್ಲಿ ಪೆಟ್ರೋಲ್ ಬೆರಕೆ ಶೇಕಡಾ 4.6, 100 ಡಿಗ್ರಿಯಲ್ಲಿ ಸ್ನಿಗ್ಧತೆ 8.7. ಹೊಸ 5ಡಬ್ಲ್ಯೂ-40, 5,000 ಕಿಲೋಮೀಟರ್ ಮತ್ತು ಒಂದು ಟ್ರ್ಯಾಕ್ ದಿನದ ನಂತರ: ಬೆರಕೆ 1.8, ಸ್ನಿಗ್ಧತೆ 12.7. ಟ್ರ್ಯಾಕ್‌ನಲ್ಲಿ ತಣಿಸುವ ಸುತ್ತು ಹಾಕಿದ್ದರಿಂದ ಉಷ್ಣತೆ 119 ದಾಟಲಿಲ್ಲ. ಕೆಲಸಕ್ಕೆ ಈಗ ಸುತ್ತುಬಳಸಿನ ಹೆದ್ದಾರಿಯಲ್ಲಿ ಹೋಗುತ್ತಿದ್ದೇನೆ.

ಆದರೆ ಸವೆತ ತೋರಿಸುವ ಕಬ್ಬಿಣ 38 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಸಿಲಿಕಾನ್ 31, ಅಲ್ಯೂಮಿನಿಯಂ 14 ಎಂದಿದೆ. ಹಳೆಯ ವರದಿಯಲ್ಲಿ ಕಬ್ಬಿಣ 19, ಸಿಲಿಕಾನ್ 9, ಅಲ್ಯೂಮಿನಿಯಂ 4 ಇದ್ದವು. ಎಣ್ಣೆ ಬದಲಿಸಿದ್ದೇ ತಪ್ಪಾಯಿತೇ?

ತೈಲಪರೀಕ್ಷಕ:

8.7 ಎಂದರೆ 20ರ ಪಟ್ಟಿ. ಟ್ರ್ಯಾಕ್‌ನಲ್ಲಿ ನೀವು ಓಡಿಸಿದ್ದು ಅದರ ಮೇಲೆ. ಈಗಿನ 12.7 ಇನ್ನೂ 40ರೊಳಗೇ ಇದೆ, ಎಣ್ಣೆ ತನ್ನ ಕೆಲಸ ಮಾಡಿದೆ.

ಕಬ್ಬಿಣದ ಕಾರಣ ಎಣ್ಣೆಯಲ್ಲಿ ಹುಡುಕಬೇಡಿ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿವೆ. ಸೀಲಂಟ್‌ನಿಂದ ಬಂದಿದ್ದರೆ ಸಿಲಿಕಾನ್ ಮಾತ್ರ ಏರುತ್ತಿತ್ತು. ಇವೆರಡೂ ಕೂಡಿರುವುದು ಧೂಳಿನಲ್ಲಿ. ಎಲ್ಲಿಂದಲೋ ಸೋಸದ ಗಾಳಿ ಎಂಜಿನ್‌ಗೆ ಹೋಗುತ್ತಿದೆ, ಆ ಧೂಳು ರಿಂಗ್ ಮತ್ತು ಸಿಲಿಂಡರನ್ನು ಉಜ್ಜುತ್ತಿದೆ. ಈ ನಾಲ್ಕು ತಿಂಗಳಲ್ಲಿ ಏರ್ ಫಿಲ್ಟರ್ ಮುಟ್ಟಿದಿರಾ?

ಕೆಂಪುಗೆರೆ:

ಮುಟ್ಟಿದ್ದೆ. ಎಣ್ಣೆ ಬದಲಿಸಿದ ದಿನವೇ, ಹೆಚ್ಚು ಗಾಳಿ ಎಳೆಯಲೆಂದು ಬೇರೆ ಫಿಲ್ಟರ್ ಕೂಡಿಸಿದ್ದೆ.

ಈಗ ಪೆಟ್ಟಿಗೆ ಬಿಚ್ಚಿ ನೋಡಿದೆ. ಫಿಲ್ಟರಿನ ಅಂಚಿನ ರಬ್ಬರು ಹಿಂದಿನ ಮೂಲೆಯಲ್ಲಿ ಮಡಚಿಕೊಂಡು, ಒಂದು ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಫಿಲ್ಟರ್ ದಾಟಿದ ಮೇಲಿನ ಕೊಳವೆಯೊಳಗೆ ಬೆರಳಾಡಿಸಿದೆ, ತುದಿಗೆ ಕಂದು ಧೂಳು ಅಂಟಿತು. ಕೊಳವೆಯನ್ನು ಟರ್ಬೋವರೆಗೆ ಬಿಚ್ಚಿ ಒರೆಸಿ, ಮೂಲ ಫಿಲ್ಟರನ್ನೇ ಮರಳಿ ಕೂಡಿಸಿ, ನಾಲ್ಕೂ ಕ್ಲಿಪ್ ಬಿದ್ದಿವೆಯೇ ಎಂದು ಎರಡು ಬಾರಿ ನೋಡಿದೆ. ಸಂಪಿನಲ್ಲಿರುವುದು ಹೊಸ 5ಡಬ್ಲ್ಯೂ-40. 2,500 ಕಿಲೋಮೀಟರಿಗೆ ಒಂದು ಮಾದರಿ ತೆಗೆದು ಇಲ್ಲಿಯೇ ಹಾಕುತ್ತೇನೆ.